ದವಡೆ ಹಿಡಿದ ಕೈ

ಹದಿನೇಳು ವರ್ಷ ನಾನು ಜನರ ಕೆನ್ನೆಗೆ ಹೊಡೆದು ಸಂಬಳ ತೆಗೆದುಕೊಂಡೆ. ನಗಬೇಡಿ, ನಿಜವಾದ ಮಾತು. ಬೋಗಾದಿ ರಸ್ತೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ, ಆಪರೇಷನ್ ಆದವರನ್ನು ತಂದು ಮಲಗಿಸುವ ವಾರ್ಡಿಗೆ ನಾನು ಸಿಸ್ಟರ್. ಪೋಸ್ಟ್ ಆಪ್ ಎಂದು ಬೋರ್ಡು ಹಾಕಿದ್ದ ಆ ಕೋಣೆಯಲ್ಲಿ ಇದ್ದದ್ದು ನಾಲ್ಕು ಕಬ್ಬಿಣದ ಮಂಚ, ಒಂದು ಆಕ್ಸಿಜನ್ ಸಿಲಿಂಡರು, ಒಂದು ಕಡೆ ಪ್ಲೈವುಡ್ಡಿನ ಗೋಡೆ, ಮತ್ತು ದೇವಿರಮ್ಮ ಎಂಬ ನಾನು. ಮತ್ತಿನಲ್ಲಿ ಮುಳುಗಿದವರನ್ನು ಹೆಸರು ಹಿಡಿದು ಕೂಗಬೇಕು. ಕಣ್ಣು ಬಿಡದಿದ್ದರೆ ಕೆನ್ನೆಗೆ ಎರಡು ಬಿಡಬೇಕು. ಮೊದಲನೆಯದು ಮೆಲ್ಲಗೆ, ಎರಡನೆಯದು ಮೆಲ್ಲಗಲ್ಲ. ತಹಶೀಲ್ದಾರರಿಗೂ ಹೊಡೆದಿದ್ದೇನೆ, ಹೈಸ್ಕೂಲು ಮೇಷ್ಟ್ರಿಗೂ ಹೊಡೆದಿದ್ದೇನೆ. ಎದ್ದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಏಳುವಾಗ ಅವರೂ ಸುಮ್ಮನೆ ಏಳುವುದಿಲ್ಲ. ಮತ್ತಿನ ಮದ್ದು ಇಳಿಯುವ ಹೊತ್ತಿನಲ್ಲಿ ಮನುಷ್ಯನ ಒಳಗಿರುವುದೆಲ್ಲ ಹೊರಗೆ ಬರುತ್ತದೆ. ಒದೆಯುತ್ತಾರೆ, ಡ್ರಿಪ್ಪಿನ ಸೂಜಿ ಕಿತ್ತು ಎಸೆಯುತ್ತಾರೆ, ಹೆತ್ತವರನ್ನೂ ಕಟ್ಟಿಕೊಂಡವರನ್ನೂ ಬೈಯುತ್ತಾರೆ. ದಿನಕ್ಕೆ ಎರಡು ಹೊತ್ತು ಪೂಜೆ ಮಾಡುವ ಮುದುಕರೊಬ್ಬರು ನನ್ನ ಮುಂಗೈ ಕಚ್ಚಿ, ಕೋಳಿ ಸಾರು ಎಲ್ಲೇ ಎಂದು ಕೇಳಿದರು. ಒಬ್ಬ ಹೆಂಗಸು ಗಂಡನಲ್ಲದವನ ಹೆಸರು ಹಿಡಿದು ಗೋಳಾಡಿದಳು. ಎಚ್ಚರವಾದ ಮೇಲೆ ಎಲ್ಲರೂ ಕೇಳುವುದು ಒಂದೇ ಮಾತು: "ನಾನು ಏನಾದ್ರೂ ಅಂದ್ನಾ ಸಿಸ್ಟರ್?" ನಾನು ಹೇಳುವುದೂ ಒಂದೇ ಮಾತು: "ಏನೂ ಅನ್ನಲಿಲ್ಲ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ವಾರ್ಡಿನಲ್ಲಿ ಆಡಿದ ಮಾತು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಅಲ್ಲೇ ಸಾಯಬೇಕು, ಹೊಸ್ತಿಲು ದಾಟಬಾರದು. ಇದು ನಾನು ಮಾಡಿದ ಕಾನೂನು. ನಮ್ಮ ಆಯಾ ಪ್ರೇಮಮ್ಮನ ಬಾಯಿ ತುಸು ಸಡಿಲ, ಆದರೆ ಈ ಒಂದು ವಿಷಯದಲ್ಲಿ ಅವಳೂ ನನಗೆ ಹೆದರುತ್ತಿದ್ದಳು.

ಆ ಕಾನೂನನ್ನು ನಾನೇ ಮುರಿದೆ. ತೊಂಬತ್ತೆಂಟನೇ ಇಸವಿಯ ಆಗಸ್ಟ್ ತಿಂಗಳು, ಒಂದು ಶನಿವಾರ ಮಧ್ಯಾಹ್ನ.

ಹನ್ನೊಂದು ಗಂಟೆಗೆ ಒಂದು ಮಾರುತಿ ವ್ಯಾನಿನಲ್ಲಿ ಸುಷ್ಮಾ ಎಂಬ ಹುಡುಗಿಯನ್ನು ತಂದರು. ಹತ್ತೊಂಬತ್ತು ವರ್ಷ. ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು, ಹೊಟ್ಟೆ ಕಲ್ಲಾಗಿತ್ತು. ಹೊತ್ತು ತಂದವನು ಅಣ್ಣ ಗುರುಕಿರಣ್. ಬೋಗಾದಿಯಲ್ಲಿ ಹೊಸ ಮನೆಗಳು ಏಳುತ್ತಿದ್ದ ಕಾಲ. ಅವನದು ಸಿಮೆಂಟು, ಕಬ್ಬಿಣದ ಅಂಗಡಿ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ವ್ಯಾನಿನ ಕೀಲಿ. ಹಿಂದೆ ತಾಯಿ ಶಾಂತಾದೇವಿ. ಆಕೆಯ ಕೈಯಲ್ಲಿ ನಾಲ್ಕು ಡಬ್ಬಿಯ ಸ್ಟೀಲ್ ಕ್ಯಾರಿಯರು. ಮಗಳು ಸಾಯುತ್ತಿದ್ದಾಳೆ, ಇವರು ಗಂಜಿ ಕಟ್ಟಿಕೊಂಡು ಬಂದಿದ್ದಾರಲ್ಲ ಎಂದು ನನಗೆ ಅಲ್ಲೇ ಸಿಟ್ಟು ಬಂತು. ನನಗೆ ಸಿಟ್ಟು ಬರಲು ಅಷ್ಟು ಸಾಕು.

"ಮೋಲ್ಡ್ ಮೇಲಿಂದ ಬಿದ್ಬುಟ್ಲು ಸಿಸ್ಟರ್," ಅಂದ ಗುರುಕಿರಣ್. "ಕಟ್ತಾ ಇರೋ ಮನೆ. ನೀರು ಹಾಕಕ್ಕೆ ಅಂತ ಹತ್ತಿದ್ಳು."

ಥಿಯೇಟರಿಗೆ ಕಳಿಸುವ ಮುಂಚೆ ಬಳೆ, ಓಲೆ, ಹೇರ್‌ಪಿನ್ನು ಎಲ್ಲ ತೆಗೆಯುವುದು ನನ್ನ ಕೆಲಸ. ಲಿಂಗ ಕಟ್ಟುವ ಮನೆಯವರು ಬಂದರೆ ಅಲ್ಲಿ ಒಂದು ಸಣ್ಣ ಜಗಳ ಇದ್ದೇ ಇರುತ್ತದೆ. ಕೊರಳಿನ ಲಿಂಗ ಮೈಯಿಂದ ದೂರವಾಗಬಾರದು ಎಂದು ಅವರು, ಕೊರಳಲ್ಲಿ ದಾರ ಇರಬಾರದು ಎಂದು ದೊಡ್ಡ ಡಾಕ್ಟರು. ಅದಕ್ಕೆ ನಾನು ಒಂದು ದಾರಿ ಹುಡುಕಿಕೊಂಡಿದ್ದೆ. ಮನೆಯವರೇ ಕರಡಿಗೆಯಿಂದ ಲಿಂಗ ತೆಗೆದು ರೋಗಿಯ ಅಂಗೈಯಲ್ಲಿ ಇಡುವುದು, ಬೆರಳು ಮಡಿಸುವುದು. ಮಾಂಸ ತಿನ್ನುವ ಒಕ್ಕಲಿಗಿತ್ತಿ ನಾನು, ಲಿಂಗ ಮುಟ್ಟದೆ ಮುಷ್ಟಿಯ ಮೇಲೆ ಗಾಜ್ ಬಟ್ಟೆ ಸುತ್ತಿ ಪ್ಲಾಸ್ಟರ್ ಹಾಕುವುದು. ಡಾಕ್ಟರೂ ಸೈ, ದೇವರೂ ಸೈ.

ಈ ಹುಡುಗಿಯ ಕೊರಳಲ್ಲಿ ಏನೂ ಇರಲಿಲ್ಲ. ಜಗಳಕ್ಕೂ ಯಾರೂ ಬರಲಿಲ್ಲ. ಜಡೆ ಎತ್ತಿ ನೋಡಿದೆ. ಕತ್ತಿನ ಹಿಂದೆ ದಾರ ಚರ್ಮ ಕೊಯ್ದ ಕೆಂಪು ಗೆರೆ, ಇನ್ನೂ ಹಸಿ.

"ಲಿಂಗ ಎಲ್ಲಮ್ಮ?" ಅಂದೆ.

ಶಾಂತಾದೇವಿ ಮಗಳ ಕೊರಳು ನೋಡಿದರು, ಆಮೇಲೆ ಮಗನ ಮುಖ ನೋಡಿದರು. ಲಿಂಗ ಇಲ್ಲದ್ದು ಅವರಿಗೂ ಆಗಷ್ಟೇ ಗೊತ್ತಾದ ಹಾಗಿತ್ತು.

"ಬಿದ್ದಾಗ ಎಲ್ಲೋ ಕಳ್ದೋಯ್ತು," ಅಂದ ಅವನು.

ಮೇಲಿಂದ ಬಿದ್ದರೆ ಕೈ ಮುರಿಯುತ್ತದೆ, ಸೊಂಟ ಮುರಿಯುತ್ತದೆ. ಕತ್ತಿನ ಹಿಂಭಾಗ ದಾರದಿಂದ ಕೊಯ್ದುಕೊಳ್ಳುವುದಿಲ್ಲ. ಆದರೆ ಹುಡುಗಿಯ ಬಿ.ಪಿ. ಪಾತಾಳಕ್ಕೆ ಇಳಿದಿತ್ತು, ಕೇಳುತ್ತ ನಿಲ್ಲಲು ಸಮಯವಿರಲಿಲ್ಲ. ಒಳಗೆ ತಳ್ಳಿಕೊಂಡು ಹೋದೆವು.

ಒಳಗೆ ಎಡಪಕ್ಕೆಯ ಕೆಳಗಿನ ಗುಲ್ಮ ಒಡೆದು ಹೊಟ್ಟೆಯ ತುಂಬ ರಕ್ತ. ಗುಲ್ಮವನ್ನೇ ತೆಗೆದರು. ಎರಡೂವರೆಗೆ ಸ್ಟ್ರೆಚರಿನಲ್ಲಿ ನನ್ನ ಹತ್ತಿರ ಬಂದಳು. ಮತ್ತಿನ ಮದ್ದು ಕೊಟ್ಟ ಡಾಕ್ಟರ್ ನಂಜಯ್ಯ ಆಗಲೇ ಹೆಲ್ಮೆಟ್ ಕೈಗೆ ತೆಗೆದುಕೊಂಡಿದ್ದರು. ಆಗ ಅವರು ದಿನಕ್ಕೆ ನಾಲ್ಕು ನರ್ಸಿಂಗ್ ಹೋಮು ಸುತ್ತುತ್ತಿದ್ದರು, ಸ್ಕೂಟರಿನಲ್ಲಿ.

"ದೇವಿರಮ್ಮ, ಉಸಿರು ತಾನೇ ತಗೋತಿದ್ದಾಳೆ. ನೋವಿಗೆ ಇಂಜೆಕ್ಷನ್ ಕೊಟ್ಟಿದ್ದೀನಿ, ಮತ್ತೆ ನಿದ್ದೆ ಜಾಸ್ತಿ ಆದ್ರೂ ಆಗಬೋದು. ಹುಷಾರು. ಗೋಕುಲಂನಲ್ಲಿ ಒಂದು ಸಿಸೇರಿಯನ್ ಇದೆ, ಮುಗಿಸ್ಕೊಂಡು ಬಂದ್ಬುಡ್ತೀನಿ."

ದೊಡ್ಡ ಡಾಕ್ಟರು ಥಿಯೇಟರಿನಲ್ಲೇ ಉಳಿದರು. ಯಾರೋ ಬೈಕಿನಿಂದ ಬಿದ್ದವನ ಕಾಲಿಗೆ ಹೊಲಿಗೆ ಹಾಕುವುದಿತ್ತು. ಅಲ್ಲಿ ರಕ್ತ ಹೀರುವ ಮೋಟಾರು ಓಡುತ್ತಿದ್ದರೆ ಹೊರಗೆ ಬಾಂಬು ಬಿದ್ದರೂ ಕೇಳುವುದಿಲ್ಲ. ವಾರ್ಡಿನಲ್ಲಿ ನಾನು, ಪ್ರೇಮಮ್ಮ, ಈ ಹುಡುಗಿ. ಉಳಿದ ಮಂಚಗಳು ಖಾಲಿ.

"ಸುಷ್ಮಾ, ಕಣ್ಣು ಬಿಡು," ಅಂದೆ. ಬಿಡಲಿಲ್ಲ. ಮೆಲ್ಲಗೆ ಒಂದು ಕೊಟ್ಟೆ. ರೆಪ್ಪೆ ಅದುರಿತು, ಅಷ್ಟೇ. ಎರಡನೆಯದು ಕೊಟ್ಟೆ.

ಆ ಎರಡನೆಯ ಏಟಿಗೆ ಅವಳು ಎದ್ದ ಹಾಗೆ ಯಾರೂ ಎದ್ದದ್ದನ್ನು ನಾನು ಕಂಡಿಲ್ಲ. ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡು, ಆಗಷ್ಟೇ ಹೊಲಿದ ಹೊಟ್ಟೆಯನ್ನು ಮಡಚಿ ಮಂಡಿ ಎದೆಗೆ ಎಳೆದುಕೊಂಡಳು. ನಾಲಿಗೆ ಹಿಂದಕ್ಕೆ ಬೀಳದಂತೆ ಬಾಯಲ್ಲಿಟ್ಟಿದ್ದ ಪ್ಲಾಸ್ಟಿಕ್ ಕೊಳವೆಯನ್ನು ಉಗಿದಳು. ಅದು ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳಿತು.

"ಬೇಡ ಅಣ್ಣ. ಬೇಡ ಅಣ್ಣ. ಫಾರಂ ಹರಿದಾಕ್ಬುಡ್ತೀನಿ. ನರ್ಸ್ ಆಗಲ್ಲ. ಹೊಟ್ಟೆಗೆ ಒದೀಬೇಡ ಅಣ್ಣ, ನರ್ಸ್ ಆಗಲ್ಲ."

ನಾನು ಹಿಡಿಯಲು ಹೋದೆ. ಹಿಡಿದಷ್ಟೂ ಅವಳಿಗೆ ನಾನು ಅಣ್ಣನೇ ಆದೆ. ಕಾಲಿನಿಂದ ನನ್ನ ಎದೆಗೆ ಒದ್ದಳು, ಮುಖ ಪರಚಿದಳು. ಸೂಜಿ ಕಿತ್ತುಹೋಗಿ ಕೈಯಿಂದ ರಕ್ತ ಚಿಮ್ಮಿ ಗೋಡೆಯ ಮೇಲೆ, ಪ್ರೇಮಮ್ಮನ ಸೀರೆಯ ಮೇಲೆ, ನನ್ನ ಟೋಪಿಯ ಮೇಲೆ ಬಿತ್ತು. ಇಬ್ಬರೂ ಮೈಮೇಲೆ ಬಿದ್ದು ಅದುಮಿದೆವು. ಹತ್ತೊಂಬತ್ತರ ಹುಡುಗಿ, ಅರ್ಧ ರಕ್ತ ಹೊರಗೆ ಹೋದವಳು, ನಮ್ಮಿಬ್ಬರನ್ನೂ ಎತ್ತಿ ಎಸೆಯುತ್ತಿದ್ದಳು. ಪ್ರೇಮಮ್ಮ ಅಳತೊಡಗಿದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇವಳ ಅಣ್ಣ ಒದ್ದಿದ್ದ. ಯಾಕೆಂದರೆ ಇವಳು ನರ್ಸಿಂಗ್ ಶಾಲೆಯ ಫಾರಂ ತುಂಬಿದ್ದಳು. ನನ್ನ ಕೆಲಸಕ್ಕೆ ಬರುತ್ತೇನೆ ಎಂದದ್ದಕ್ಕೆ ಗುಲ್ಮ ಒಡೆಸಿಕೊಂಡು ಬಂದವಳ ಕೆನ್ನೆಗೆ ನಾನೂ ಎರಡು ಹೊಡೆದಿದ್ದೆ.

ಇದ್ದಕ್ಕಿದ್ದ ಹಾಗೆ ಅವಳ ಮೈ ಸಡಿಲವಾಯಿತು. ಆ ಇಂಜೆಕ್ಷನ್ ಏರಿತ್ತು. ಒಂದು ಗೊರಕೆ, ಎರಡು ಗೊರಕೆ, ಮೂರನೆಯದು ಬರಲಿಲ್ಲ. ಎದೆ ಏಳುತ್ತಿದೆ, ಗಾಳಿ ಹೋಗುತ್ತಿಲ್ಲ. ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚಿತ್ತು. ತುಟಿ ನೇರಳೆಯಾಗತೊಡಗಿತು. ನಾನು ತಲೆಯ ಕಡೆಗೆ ಹೋಗಿ ನಿಂತು, ಎರಡೂ ಕಿವಿಯ ಕೆಳಗೆ, ದವಡೆಯ ಮೂಲೆಯ ಹಿಂದೆ ನಾಲ್ಕು ನಾಲ್ಕು ಬೆರಳು ಕೊಟ್ಟು ದವಡೆಯನ್ನು ಮೇಲಕ್ಕೆ ಎತ್ತಿದೆ. ಉಸಿರು ಸುಯ್ಯೆಂದು ಒಳಗೆ ಹೋಯಿತು. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ, ಕೈ ಬಿಡದಿದ್ದರೆ ಆಯಿತು. ಬಿಟ್ಟರೆ ಮೂರು ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಕೊಳವೆ ಮಂಚದ ಕೆಳಗಿತ್ತು.

ಆಗ ನಾನು ಮಾಡಬಾರದ್ದು ಮಾಡಿದೆ. ಪ್ರೇಮಮ್ಮನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಬಹುದಿತ್ತು. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಅಂಟುವುದಿಲ್ಲ ಎಂದು ಊರಿಗೆಲ್ಲ ಹೇಳುವವಳು ನಾನು. ಆದರೆ ಗಂಟಲು ಕಿತ್ತುಹೋಗುವ ಹಾಗೆ ಕೂಗಿದೆ.

"ಓಡೇ ಪ್ರೇಮಮ್ಮ. ಡಾಕ್ಟ್ರನ್ನ ಕರ್ಕೊಂಡು ಬಾ. ಪೊಲೀಸಿಗೆ ಫೋನ್ ಮಾಡ್ಸು. ಇವ್ಳು ಬಿದ್ದಿಲ್ಲ ಕಣೇ, ಅಣ್ಣ ಅನ್ನೋನು ಹೊಟ್ಟೆಗೆ ಒದ್ದಿದ್ದಾನೆ, ಇವಳೇ ಹೇಳಿದ್ಳು."

ಪ್ರೇಮಮ್ಮ ಓಡಿದಳು. ಪ್ಲೈವುಡ್ ಗೋಡೆಯ ಆಚೆ ಬೆಂಚಿನ ಮೇಲೆ ಕುಳಿತಿದ್ದವನಿಗೆ ಪ್ರತಿಯೊಂದು ಮಾತೂ ಕೇಳಿತ್ತು. ಅವಳು ಹೊರಗೆ ಹೋದ ಬಾಗಿಲಿನಲ್ಲೇ ಗುರುಕಿರಣ್ ಒಳಗೆ ಬಂದ. ಹಿಂದೆಯೇ ತಾಯಿಯೂ ಬಂದರು. ಅವನು ಚಿಲಕ ಹಾಕಿದ.

"ಅವ್ವ, ನೀನು ಆಕಡೆ ನಿಂತ್ಕೊ," ಅಂದ. ಆಮೇಲೆ ನನಗೆ, "ಡಿಸ್ಚಾರ್ಜ್ ಮಾಡಿ ಸಿಸ್ಟರ್. ನಾವು ಬೇರೆ ಕಡೆಗೆ ಕರ್ಕೊಂಡು ಹೋಗ್ತೀವಿ."

"ಕೈ ಬಿಟ್ರೆ ಸಾಯ್ತಾಳೆ. ಹೆಣ ಎತ್ಕೊಂಡು ಎಲ್ಲಿಗೆ ಹೋಗ್ತೀಯಪ್ಪ?"

"ಬಾಯಿ ಮುಚ್ಕೊಂಡು ಕೈ ತೆಗೀರಿ. ನಮ್ಮನೆ ಹುಡುಗಿ ಅದು."

"ನಿಮ್ಮನೆ ಹುಡುಗಿ ಅಂತಾನೇ ಕೊಂದು ತಂದಿದ್ದೀಯಲ್ಲೋ."

ನನ್ನ ಕೆನ್ನೆಗೆ ಅವನ ಕೈ ಬಿತ್ತು. ಹದಿನೇಳು ವರ್ಷ ಊರಿಗೆಲ್ಲ ಹಂಚಿದ್ದು ಒಟ್ಟಿಗೆ ವಾಪಸು ಬಂದಂತಾಯಿತು. ಕಿವಿಯೊಳಗೆ ಜೀರುಂಡೆ ಕೂಗತೊಡಗಿತು. ಅವನು ತಂಗಿಯ ಕಾಲು ಹಿಡಿದು ಎಳೆದ. ಅವಳ ಜೊತೆಗೆ ನಾನೂ ಮಂಚದ ಮೇಲೆ ಮುಂದಕ್ಕೆ ವಾಲಿದೆ, ಆದರೆ ಬೆರಳು ಬಿಡಲಿಲ್ಲ. ಅವನು ಈ ಕಡೆಗೆ ಬಂದು ನನ್ನ ಬೆನ್ನಿಗೆ ಗುದ್ದಿದ. ಜಡೆ ಹಿಡಿದು ತಲೆಯನ್ನು ಗೋಡೆಗೆ ಬಡಿದ. ಅಂಗಡಿಯಲ್ಲಿ ಕಬ್ಬಿಣದ ಸರಳು ಎತ್ತಿ ಹಾಕುವ ಕೈ ಅದು. ನನ್ನ ಎರಡೂ ಕೈ ತುಂಬಿತ್ತು, ಬಾಯಿ ಖಾಲಿ ಇತ್ತು. ಮುಖದ ಹತ್ತಿರ ಅವನ ತೋಳು ಬಂದಾಗ ಹಲ್ಲು ಊರಿದೆ. ಉಪ್ಪು ಉಪ್ಪಾದ ರಕ್ತ ಬಾಯಿಗೆ ಬಂತು. ಹೇಗೂ ಮಾಂಸ ತಿನ್ನುವ ಜಾತಿ, ಸರಿ ಎಂದು ಇನ್ನೂ ಗಟ್ಟಿಯಾಗಿ ಕಚ್ಚಿದೆ. ಅವನು ಅರಚಿಕೊಂಡು ತೋಳು ಕಿತ್ತುಕೊಂಡ.

"ಉಚ್ಚೆ ಹೇಲು ಬಾಚೋಳು ನೀನು. ಇವ್ಳನ್ನೂ ನಿನ್ನ ಹಂಗೆ ಮಾಡ್ಬೇಕು ಅಂತ ಇದ್ದೀಯಾ? ಸಿಕ್ಕಸಿಕ್ಕೋರ ಮೈ ಮುಟ್ಟೋಳಿಗೆ ನಮ್ಮನೆ ಲಿಂಗ ಬೇರೆ ಕೇಡು."

ನನಗೆ ಅಳುವಂಥ ನಗು ಬಂತು. ಮೂರು ದಿನದ ಹಿಂದೆ ಅವನ ಅಂಗಡಿಯ ಮುಂದೆ ಬಸ್ಸಿನಲ್ಲಿ ಹೋಗಿದ್ದೆ. ಬೋರ್ಡಿನ ಮೇಲೆ ಕಾಯಕದ ಮಾತು ದೊಡ್ಡ ಅಕ್ಷರದಲ್ಲಿ ಬರೆಸಿದ್ದಾನೆ. ಸಿಮೆಂಟು ಮಾರಿದರೆ ಕಾಯಕ, ಉಸಿರು ಹಿಡಿದು ನಿಂತರೆ ಮೈಲಿಗೆ.

ಹೊರಗೆ ಬಾಗಿಲು ಬಡಿಯುವ ಸದ್ದು ಬಂತು. ಪ್ರೇಮಮ್ಮ ಕಾಂಪೌಂಡರ್ ನಿಂಗಯ್ಯನನ್ನು ಕರೆತಂದಿದ್ದಳು. ಗುರುಕಿರಣ್ ಇನ್ನೂ ಹುಚ್ಚನಾದ. ಡ್ರಿಪ್ ಸ್ಟ್ಯಾಂಡ್ ಎತ್ತಿ ನನ್ನ ಭುಜಕ್ಕೆ ಬಾರಿಸಿದ. ಬಾಟಲಿ ಒಡೆದು ಗಾಜಿನ ಚೂರು ನನ್ನ ಕಾಲ ಮೇಲೆ ಬಿತ್ತು. ನೋವು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿದ್ದದ್ದು ಒಂದೇ, ಆ ಹುಡುಗಿಯ ಉಸಿರು. ಬರುತ್ತಿದೆಯೇ, ಬರುತ್ತಿದೆ. ಬರುತ್ತಿದೆಯೇ, ಬರುತ್ತಿದೆ. ಭಯವಾಗಿತ್ತು ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಇನ್ನೊಂದು ಏಟು ಬಿದ್ದರೆ ಕೈ ಬಿಟ್ಟುಬಿಡುತ್ತೇನೆ ಎಂಬ ಭಯ.

ಶಾಂತಾದೇವಿ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಕ್ಯಾರಿಯರನ್ನು ಎದೆಗೆ ಅಪ್ಪಿಕೊಂಡಿದ್ದರು.

"ಅಮ್ಮಾ," ಎಂದು ಕೂಗಿದೆ. "ಇಲ್ಲಿ ಬಂದು ಮಗಳ ಮೂಗಿನ ಹತ್ರ ಕೈ ಇಡಿ. ಅವಳ ಉಸಿರು ನನ್ನ ಬೆರಳಲ್ಲಿದೆ ಕಣಮ್ಮ. ನಾನು ಸುಳ್ಳು ಹೇಳ್ತಿದ್ರೆ ನೀವೇ ನನ್ನ ಕೈ ಬಿಡಿಸಿ."

ಆಕೆ ಬಂದರು. ಕ್ಯಾರಿಯರನ್ನು ಎಡಗೈಗೆ ಬದಲಿಸಿಕೊಂಡು ಬಲ ಅಂಗೈಯನ್ನು ಮಗಳ ಮೂಗಿನ ಮುಂದೆ ಇಟ್ಟರು. ಉಸಿರು ತಾಗಿರಬೇಕು, ಬಾಯಿ ತೆರೆದು ನನ್ನನ್ನು ನೋಡಿದರು.

"ಅವ್ವ, ಪಕ್ಕಕ್ಕೋಗು," ಅಂದ ಗುರುಕಿರಣ್. ಮೂಲೆಯಲ್ಲಿದ್ದ ಕಬ್ಬಿಣದ ಸ್ಟೂಲು ಎತ್ತಿ, ಮಂಚದ ತಲೆಯ ಸರಳಿಗೆ ಮಣಿಕಟ್ಟು ಊರಿ ದವಡೆ ಹಿಡಿದಿದ್ದ ನನ್ನ ಎಡಗೈ ಮೇಲೆ ಹಾಕಿದ. ಕಿರುಬೆರಳು, ಉಂಗುರದ ಬೆರಳು ಮುರಿದ ಸದ್ದು ನನಗೇ ಕೇಳಿತು. ಎಡಗೈ ಜಾರಿತು. ದವಡೆ ಒಂದು ಕಡೆಗೆ ವಾಲಿತು. ಸುಷ್ಮಾಳ ಗಂಟಲಿನಲ್ಲಿ ಗೊರ್ ಎಂದು ಒಂದು ಸದ್ದಾಗಿ ನಿಂತಿತು.

ಉಸಿರು ನಿಂತದ್ದು ನನಗಿಂತ ಮೊದಲು ತಾಯಿಯ ಅಂಗೈಗೆ ಗೊತ್ತಾಯಿತು. ಆಕೆ ಹಿಂದಕ್ಕೆ ತಿರುಗಿ ನಾಲ್ಕು ಡಬ್ಬಿಯ ಕ್ಯಾರಿಯರನ್ನು ಎರಡೂ ಕೈಯಲ್ಲಿ ಎತ್ತಿ ಮಗನ ತಲೆಗೆ ಹಾಕಿದರು. ಕೊಂಡಿ ಬಿಚ್ಚಿ ಗಂಜಿ ಅವನ ಮುಖದ ಮೇಲೆ ಸುರಿಯಿತು. ಅವನು ಕಣ್ಣು ಮುಚ್ಚಿಕೊಂಡು ಮಂಡಿಯೂರಿದ. ಹಣೆ ಬಿರಿದು ರಕ್ತ ವಿಭೂತಿಯ ಮೇಲೆ ಇಳಿಯಿತು. ನಾನು ಮುರಿದ ಬೆರಳು ಬಿಟ್ಟು ಉಳಿದ ಎರಡು ಬೆರಳನ್ನೇ ದವಡೆಯ ಹಿಂದೆ ತುರುಕಿ ಎತ್ತಿದೆ. ನನ್ನ ಬಾಯಿಂದ ಬಂದ ಕೂಗು ನನ್ನದೇ ಎಂದು ಅನ್ನಿಸಲಿಲ್ಲ. ಉಸಿರು ಬಂತು.

ಅವನು ಬಗ್ಗಿದಾಗ ಜೇಬಿನಿಂದ ಏನೋ ಬಿತ್ತು. ಬೆಳ್ಳಿಯ ಕರಡಿಗೆ, ಅದಕ್ಕೆ ಹರಿದ ಶಿವದಾರ. ಶಾಂತಾದೇವಿ ಅದನ್ನು ನೋಡುತ್ತ ನಿಂತರು.

"ಕಳ್ದೋಯ್ತು ಅಂದೆಯಲ್ಲೋ ಗುರು," ಅಂದರು. ಬಹಳ ಮೆಲ್ಲಗೆ ಅಂದರು. "ನಾನು ಕಟ್ಟಿದ್ದು ಕಣೋ ಅದು. ಇವ್ಳು ಹೊಟ್ಟೇಲಿದ್ದಾಗ್ಲೇ, ಎಂಟು ತಿಂಗಳ ಬಸುರೀಲಿ ನನ್ನ ಹೊಟ್ಟೆ ಮೇಲೇ ಕಟ್ಟಿದ್ದು."

ಆಮೇಲೆ ಕೈಯಲ್ಲಿ ಉಳಿದಿದ್ದ ಕ್ಯಾರಿಯರಿನ ಚೌಕಟ್ಟಿನಿಂದ ಇನ್ನೂ ಮೂರು ಸಲ ಹೊಡೆದರು. ಬೆನ್ನಿಗೆ ಒಂದು, ತೋಳಿಗೆ ಒಂದು, ಇನ್ನೊಂದು ಎಲ್ಲಿ ಬಿತ್ತೋ ಗೊತ್ತಿಲ್ಲ. ಅಷ್ಟು ದೊಡ್ಡ ಮಗ ಕೈ ಅಡ್ಡ ಇಟ್ಟುಕೊಂಡು ಬೇಡ ಅವ್ವ, ಬೇಡ ಅವ್ವ ಎನ್ನುತ್ತಿದ್ದ. ತಂಗಿ ಆಡಿದ ಮಾತನ್ನೇ ಅವನು ಆಡುತ್ತಿದ್ದ. ನನಗೆ ಕನಿಕರ ಬರಲಿಲ್ಲ. ತಾಯಿಯ ಮೇಲೂ ಪೂರ್ತಿ ಕನಿಕರ ಬರಲಿಲ್ಲ. ಹೊಟ್ಟೆಗೆ ಒದ್ದದ್ದು ಈಕೆಗೆ ಬೆಳಗ್ಗೆಯಿಂದ ಗೊತ್ತಿತ್ತಂತೆ, ಆದರೂ ಗಂಜಿ ಮಾಡಿದರು. ದಾರ ಕಿತ್ತದ್ದು ಗೊತ್ತಾದಾಗ ಮೂರು ಏಟು ಕೊಟ್ಟರು. ಅದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಕೆ ಲಿಂಗವನ್ನು ಕರಡಿಗೆಯಿಂದ ತೆಗೆದು ಕಣ್ಣಿಗೆ ಒತ್ತಿಕೊಂಡು ಮಗಳ ಅಂಗೈಯಲ್ಲಿ ಇಟ್ಟರು. ಬೆರಳು ಮಡಿಸಿದರು. ಮಡಿಸಿದ ಬೆರಳು ಬಿಚ್ಚಿಕೊಳ್ಳುತ್ತಿತ್ತು.

"ಆ ಟ್ರೇನಲ್ಲಿ ಗಾಜ್ ಇದೆ ಕಣಮ್ಮ," ಅಂದೆ. "ನೀವೇ ಸುತ್ತಿ. ನನ್ನ ಕೈಗೆ ಬಿಡುವಿಲ್ಲ."

ನಿಂಗಯ್ಯ ಬಾಗಿಲು ಒಡೆದು ಒಳಗೆ ಬಂದಾಗ ಕಂಡದ್ದು ಇದು: ನೆಲದ ಮೇಲೆ ಗಂಜಿ, ಬಾಟಲಿಯ ಚೂರು, ರಕ್ತ, ಮೂಲೆಯಲ್ಲಿ ತಲೆ ಹಿಡಿದುಕೊಂಡು ಕುಳಿತ ಒಬ್ಬ ಗಂಡಸು, ಮಗಳ ಮುಷ್ಟಿಗೆ ಗಾಜ್ ಸುತ್ತುತ್ತಿರುವ ತಾಯಿ. ದೊಡ್ಡ ಡಾಕ್ಟರು ಬಂದು ಹೊಸ ಕೊಳವೆ ಹಾಕಿ, "ಬಿಡಿ ದೇವಿರಮ್ಮ, ಸಾಕು," ಅಂದರು. ನಾನು ಬಿಡಲಿಲ್ಲ. ಬಿಡುತ್ತೇನೆ ಎಂದುಕೊಂಡರೂ ಕೈ ಬಿಡಲಿಲ್ಲ. ನಿಂಗಯ್ಯ ಒಂದೊಂದೇ ಬೆರಳು ಬಿಡಿಸಿದ. ಆಮೇಲೆ ನಾನು ಬೇಸಿನ್ನಿನ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ.

ಪೊಲೀಸರು ಬಂದರು. ಕತ್ತಿನ ಗುರುತು ತೋರಿಸಿದೆ, ನನ್ನ ಬೆರಳು ತೋರಿಸಿದೆ. ಮತ್ತಿನಲ್ಲಿ ಅವಳು ಆಡಿದ ಮಾತನ್ನು ಬರೆಸಲಿಲ್ಲ, ಅದು ಬೇಕಾಗಲೂ ಇಲ್ಲ. ಒಂದು ಸಲ ಹೊಸ್ತಿಲು ದಾಟಿಸಿ ಏನಾಯಿತೆಂದು ಕಂಡಾಗಿತ್ತು. ಗುರುಕಿರಣ್ ಹದಿನೆಂಟು ದಿನ ಒಳಗಿದ್ದು ಬಂದ. ಆಮೇಲೆ ಹಿರಿಯರು, ಮಠದವರು, ರಾಜಿ, ಎಲ್ಲ ಆಗುವ ಹಾಗೆ ಆಯಿತು. ಆದರೆ ಶಾಂತಾದೇವಿ ಮಗಳನ್ನು ಮತ್ತೆ ಆ ಮನೆಗೆ ಸೇರಿಸಲಿಲ್ಲ. ದಟ್ಟಗಳ್ಳಿಯ ತಮ್ಮ ತಂಗಿಯ ಮನೆಯಲ್ಲಿ ಬಿಟ್ಟರು. ಹೊಸ ಫಾರಂ ತಂದು, ಪೋಷಕರ ಸಹಿ ಎಂದಿದ್ದ ಕಡೆ ತಾವೇ ಸಹಿ ಹಾಕಿದರು.

ಸುಷ್ಮಾಳಿಗೆ ಎಚ್ಚರವಾದ ಸಂಜೆ ಎಲ್ಲರ ಹಾಗೆ ಅವಳೂ ಕೇಳಿದಳು.

"ನಾನು ಏನಾದ್ರೂ ಅಂದ್ನಾ ಸಿಸ್ಟರ್?"

"ಏನೂ ಅನ್ನಲಿಲ್ಲ."

"ನಿಮ್ಮ ಕೈಗೆ ಏನಾಯ್ತು?"

"ಬಾಗಿಲಿಗೆ ಸಿಕ್ಕಾಕ್ಕೊಂತು."

ಅಣ್ಣ ಬಂದು ಗಲಾಟೆ ಮಾಡಿದ್ದು ಅವಳಿಗೆ ಆಮೇಲೆ ಯಾರಿಂದಲೋ ಗೊತ್ತಾಯಿತು. ನಾನು ಅವಳ ಕೆನ್ನೆಗೆ ಹೊಡೆದದ್ದನ್ನು ಮಾತ್ರ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಎಷ್ಟೋ ಸಲ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಅವತ್ತಿನಿಂದ ಯಾವ ರೋಗಿಗೂ ನಾನು ಕೈ ಎತ್ತಿಲ್ಲ. ಹುಬ್ಬಿನ ನಡುವೆ ಹೆಬ್ಬೆರಳಿನಿಂದ ಉಜ್ಜಿ ಹೆಸರು ಕೂಗಿದರೂ ಜನ ಏಳುತ್ತಾರೆ. ತುಸು ತಡವಾಗುತ್ತದೆ, ಅಷ್ಟೇ.

ಸುಷ್ಮಾ ನರ್ಸಿಂಗ್ ಓದಿ ನಮ್ಮಲ್ಲಿಗೇ ಕೆಲಸಕ್ಕೆ ಬಂದಳು. ದವಡೆ ಹಿಡಿಯುವುದನ್ನು ನಾನೇ ಕಲಿಸಿದೆ, ಬೈದು ಬೈದು ಕಲಿಸಿದೆ. ವಾರ್ಡಿನ ಕಾನೂನನ್ನೂ ಕಲಿಸಿದೆ. ನನ್ನ ಎಡಗೈಯ ಎರಡು ಬೆರಳು ಕೂಡಿಕೊಂಡವು, ಆದರೆ ಮಡಚುವುದಿಲ್ಲ. ಕಡ್ಡಿಯಂತೆ ನೆಟ್ಟಗೆ ನಿಂತಿವೆ.

ಎರಡು ಸಾವಿರದ ಆರರಲ್ಲಿ ನನ್ನ ಗರ್ಭಕೋಶ ತೆಗೆಯಬೇಕೆಂದರು. ಬೇರೆ ಎಲ್ಲಿಗೆ ಹೋಗಲಿ, ಅದೇ ಥಿಯೇಟರು, ಅದೇ ಡಾಕ್ಟರ್ ನಂಜಯ್ಯ, ಹೊರಗೆ ಅದೇ ಮಂಚ. ಎಚ್ಚರವಾಗುವಾಗ ಯಾರೋ ಹುಬ್ಬಿನ ನಡುವೆ ಉಜ್ಜುತ್ತಿದ್ದರು.

"ದೇವಿರಮ್ಮನೋರೇ, ಕಣ್ಣು ಬಿಡಿ. ಎಲ್ಲ ಮುಗೀತು."

ಕಣ್ಣು ಬಿಟ್ಟೆ. ಮಧ್ಯಾಹ್ನದ ಬಿಸಿಲು ಕಿಟಕಿಯಲ್ಲಿತ್ತು. ನನ್ನ ಎರಡೂ ತೋಳು, ಇಡೀ ದಿನ ರಾಗಿ ಬೀಸಿದ ಹಾಗೆ ಸೋತು ಬಿದ್ದಿದ್ದವು. ಪ್ರೇಮಮ್ಮ ಕಾಲ ಕಡೆ ನಿಂತು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು.

"ಅಬ್ಬಬ್ಬ, ಏನ್ ಹಿಡ್ತ ಸಿಸ್ಟರೇ ನಿಮ್ದು," ಎಂದು ಶುರು ಮಾಡಿದಳು. "ಬುಡಲ್ಲ ಕಣೋ, ಬುಡಲ್ಲ ಕಣೋ ಅಂತ—"

"ಪ್ರೇಮಮ್ಮ," ಅಂದಳು ಸುಷ್ಮಾ. ದನಿ ಎತ್ತಲಿಲ್ಲ, ಆದರೆ ನನ್ನದೇ ದನಿ ಅದು. "ಹೋಗಿ ಬಿಸಿನೀರು ತಗೊಂಬಾ."

ಪ್ರೇಮಮ್ಮ ಹೋದಳು.

"ನಾನು ಏನಾದ್ರೂ ಅಂದ್ನೇನೇ?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ ಸಿಸ್ಟರ್."

"ಹೊಡೆದದ್ದು ಏನಾದ್ರೂ ಹೇಳಿದ್ನಾ? ನಿನಗೆ, ಆವತ್ತು?"

ಅವಳು ಉತ್ತರ ಕೊಡುವ ಮುಂಚೆ ಡ್ರಿಪ್ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿದಳು. ಆಗ ಕಂಡೆ. ಅವಳ ಎಡಗಿವಿಯ ಕೆಳಗೆ, ದವಡೆಯ ಮೂಲೆಯ ಹಿಂದೆ ನಾಲ್ಕು ಉಗುರಿನ ಗುರುತು, ರಕ್ತ ಕಾಣುವಷ್ಟು ಆಳ. ಬಾಟಲಿ ನೋಡಲು ಈ ಕಡೆಗೆ ತಿರುಗಿದಳು. ಬಲಗಿವಿಯ ಕೆಳಗೆ ಎರಡೇ ಇದ್ದವು.

"ಕತ್ತಿಗೆ ಏನಾಯ್ತೇ?" ಅಂದೆ.

"ಸೊಳ್ಳೆ ಕಣ್ರೀ," ಅಂದಳು. "ನೀವು ಏನೂ ಅನ್ನಲಿಲ್ಲ, ಮಲಗಿ."

ಹೊದಿಕೆ ಎಳೆದು ನನ್ನ ಎಡಗೈಯನ್ನು ಅದರೊಳಗೆ ಇಟ್ಟಳು. ಮಡಚದ ಆ ಎರಡು ಬೆರಳನ್ನು ಸ್ವಲ್ಪ ಹೊತ್ತು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.